ಕಾದಾಟದ ಆಟಕ್ಕೆ ಸ್ವರ ಕೂಡಿಸಿದವರು

ದೂರದರ್ಶನದ ಕಾರ್ಯಕ್ರಮ ಮುಗಿದಾಗ ತೆರೆಯ ಮೇಲೆ ಹೆಸರುಗಳು ಸಾಲಾಗಿ ಸಾಗುತ್ತವೆ. ಆ ವೇಳೆಗೆ ನೀವು ಎದ್ದು ಊಟಕ್ಕೆ ಹೋಗಿರುತ್ತೀರಿ. ತಪ್ಪು ನಿಮ್ಮದಲ್ಲ, ಸಮಯ ಸಾಲದಾಗ ಆ ಹೆಸರುಗಳಿಗೇ ಮೊದಲು ಕತ್ತರಿ ಹಾಕುವವರು ನಿರ್ಮಾಪಕರಾದ ನಾವು. ಈ ಲೇಖನ ಬರೆಯುವಾಗ ಆ ಅಳುಕು ನನ್ನ ಜೊತೆಯಲ್ಲೇ ಇದೆ.

ಜಪಾನಿನ ಒಸಾಕಾ ನಗರದ ಕ್ಯಾಪ್‌ಕಾಮ್ ಸಂಸ್ಥೆ 1991ರಲ್ಲಿ 'ಸ್ಟ್ರೀಟ್ ಫೈಟರ್ 2' ಎಂಬ ವಿಡಿಯೋ ಆಟವನ್ನು ಹೊರತಂದಿತು. ಕಾಸು ಹಾಕಿ, ನಿಂತುಕೊಂಡು ಆಡುವ ಯಂತ್ರ. ಆಯ್ದುಕೊಳ್ಳಲು ಎಂಟು ಮಂದಿ ಕಾದಾಳುಗಳು, ಅವರದು ಆರು ದೇಶಗಳು. ಪ್ರತಿಯೊಬ್ಬನಿಗೂ ಅವನದೇ ರಂಗಸ್ಥಳ, ಅವನದೇ ರಾಗಧಾಟಿ. ಲೋಕದ ಮೂಲೆಮೂಲೆಯ ಹುಡುಗರು ಆ ಧಾಟಿಗಳನ್ನು ಶಿಳ್ಳೆ ಹಾಕಿದರು. ರಚಿಸಿದವರು ಯಾರೆಂದು ಕೇಳಿದವರು ಕಡಿಮೆ. ಕೇಳಿದ್ದರೂ ಉತ್ತರ ಸಿಗುತ್ತಿರಲಿಲ್ಲ, ಏಕೆಂದರೆ ಪಟ್ಟಿಯಲ್ಲಿ ಇದ್ದದ್ದು 'ಶಿಮೊ-ಪಿ' ಎಂಬ ಅಡ್ಡಹೆಸರು. ಜಪಾನಿನ ಆಟದ ಕಂಪನಿಗಳಲ್ಲಿ ಆಗ ಇದೇ ರೂಢಿ. ಪ್ರತಿಸ್ಪರ್ಧಿಗಳು ತಮ್ಮ ಜಾಣರನ್ನು ಸೆಳೆದುಕೊಂಡು ಹೋಗಬಾರದೆಂಬ ಎಚ್ಚರವೇ ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ.

ಆ ಶಿಮೊ-ಪಿ, ಯೋಕೊ ಶಿಮೊಮುರಾ ಎಂಬ ತರುಣಿ. 1967ರಲ್ಲಿ ಹ್ಯೋಗೊ ಪ್ರಾಂತದಲ್ಲಿ ಜನನ. ಎಳೆಯ ವಯಸ್ಸಿನಿಂದಲೇ ಪಿಯಾನೊ ಅಭ್ಯಾಸ. 1988ರಲ್ಲಿ ಒಸಾಕಾ ಸಂಗೀತ ಕಾಲೇಜಿನ ಪದವಿ. ಪಿಯಾನೊ ಶಿಕ್ಷಕಿಯ ಕೆಲಸ ಕೈಗೆ ಬಂದಿತ್ತು. ಅದನ್ನು ಬಿಟ್ಟು ಆಟದ ಕಂಪನಿ ಸೇರುತ್ತೇನೆಂದಾಗ ತಂದೆತಾಯಿಗಳಿಗೂ ಗುರುಗಳಿಗೂ ಬೇಸರವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಇಷ್ಟು ಕಲಿತು, ಕಾಸು ಹಾಕುವ ಪೆಟ್ಟಿಗೆಗೆ ಸಂಗೀತವೇ? ನಮ್ಮ ಮನೆಗಳಲ್ಲಾದರೂ ಬೇರೆ ಮಾತು ಬರುತ್ತಿರಲಿಲ್ಲ ಬಿಡಿ.

1987ರ ಮೊದಲ 'ಸ್ಟ್ರೀಟ್ ಫೈಟರ್'ಗೆ ಯೋಶಿಹಿರೊ ಸಕಾಗುಚಿ ಸಂಗೀತ ನೀಡಿದ್ದರು. ಎರಡನೆಯದರ ಬಹುಪಾಲು ಶಿಮೊಮುರಾ ಅವರದು. ಥಾಯ್ಲೆಂಡಿನ ಸಗಾಟ್‌ನ ಧಾಟಿಯೂ ಸೇರಿ ಕೆಲವು ಭಾಗ ಇಸಾವೊ ಅಬೆ ಎಂಬ ಸಹೋದ್ಯೋಗಿಯದು.

ಇನ್ನು ಅವರ ವಾದ್ಯವನ್ನು ನೋಡೋಣ. ವಿಜ್ಞಾನ ಓದಿದವನಿಗೆ ಇದೇ ರುಚಿಯ ಭಾಗ. ವಾದ್ಯವೆಂದರೆ ಯಮಹಾ ಕಂಪನಿಯ 'ವೈಎಂ 2151' ಎಂಬ ಬೆರಳಗಲದ ಚಿಪ್. ಅದರಲ್ಲಿ ಎಂಟು ಸ್ವರಗಳು ಮಾತ್ರ ಏಕಕಾಲಕ್ಕೆ ನುಡಿಯಬಲ್ಲವು. ಒಂದೊಂದು ಸ್ವರಕ್ಕೂ ನಾಲ್ಕು ತರಂಗಜನಕಗಳು. ಗಾಯಕರು ಸ್ವರವನ್ನು ಅಲುಗಿಸಿ ಕಂಪಿತ ಗಮಕ ಹಾಡುವುದನ್ನು ನೀವು ಕೇಳಿದ್ದೀರಿ. ಆ ಕಂಪನವನ್ನು ಸೆಕೆಂಡಿಗೆ ನೂರಾರು ಬಾರಿ ಮಾಡಿದರೆ? ಆಗ ಕಿವಿಗೆ ಅಲುಗಾಟವೇ ಕೇಳಿಸದು. ಬದಲಿಗೆ ಹೊಸದೊಂದು ನಾದಗುಣ ಹುಟ್ಟುತ್ತದೆ. ಗಂಟೆಯಂತೆ, ತುತ್ತೂರಿಯಂತೆ, ತಂತಿವಾದ್ಯದಂತೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ 1967ರಲ್ಲಿ ಇದನ್ನು ಕಂಡುಕೊಂಡು 1973ರಲ್ಲಿ ಪ್ರಕಟಿಸಿದರು. ಯಮಹಾ ಅದರ ಹಕ್ಕು ಪಡೆಯಿತು. ಒಂದು ತರಂಗದಿಂದ ಇನ್ನೊಂದರ ಆವೃತ್ತಿಯನ್ನು ಕುಲುಕುವ ಈ ವಿಧಾನ ನಿಮ್ಮ ಎಫ್‌ಎಂ ರೇಡಿಯೋದ ಹಿಂದಿರುವ ಅದೇ ತತ್ತ್ವ.

ಹೊಡೆತದ ಸದ್ದು, ಕಾದಾಳುಗಳ ಕೂಗು ಇವಕ್ಕೆ ಓಕಿ ಕಂಪನಿಯ ಇನ್ನೊಂದು ಚಿಪ್ ಇತ್ತು. ಅದು ಧ್ವನಿಮುದ್ರಿತ ತುಣುಕುಗಳನ್ನು ನುಡಿಸುತ್ತಿತ್ತು. ಧ್ವನಿಯ ಪೂರ್ಣ ಬೆಲೆಯನ್ನು ಬಿಟ್ಟು, ಒಂದು ಕ್ಷಣಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಟ್ಟು ಜಾಗ ಉಳಿಸುವ ಜಾಣತನ ಅದರದು.

ಚಲನಚಿತ್ರದ ಸಂಗೀತ ನಿರ್ದೇಶಕನಿಗೆ ದೃಶ್ಯ ಎಷ್ಟು ಹೊತ್ತಿನದೆಂದು ಗೊತ್ತಿರುತ್ತದೆ. ಇಲ್ಲಿ ಹಾಗಲ್ಲ. ಕಾದಾಟ ಹತ್ತು ಸೆಕೆಂಡಿನಲ್ಲಿ ಮುಗಿಯಬಹುದು, ಎಣಿಕೆ 99ರಿಂದ ಸೊನ್ನೆಗೆ ಇಳಿಯುವವರೆಗೂ ನಡೆಯಬಹುದು. ಆದ್ದರಿಂದ ಧಾಟಿಗೆ ಕೊನೆಯೆಂಬುದಿಲ್ಲ. ಬಾಲ ಬಂದು ತಲೆಗೆ ಕೂಡಬೇಕು. ಒಬ್ಬನ ಶಕ್ತಿ ಕುಂದುತ್ತಿದ್ದಂತೆ ಗತಿ ಏರುತ್ತದೆ. ಆಡುವವನ ಎದೆಬಡಿತವೂ ಏರುತ್ತದೆ.

ಭಾರತದ ಪ್ರತಿನಿಧಿಯಾಗಿ ಇಲ್ಲಿ ಧಾಲ್ಸಿಮ್ ಎಂಬ ಯೋಗಿ ಇದ್ದಾನೆ. ಕೈಕಾಲುಗಳನ್ನು ಮಾರುದ್ದ ಚಾಚುತ್ತಾನೆ, ಬೆಂಕಿ ಉಗುಳುತ್ತಾನೆ. ಹಿಂದೆ ಆನೆಗಳ ಸಾಲು, ಗೋಡೆಯಲ್ಲಿ ಗಣಪತಿಯ ಚಿತ್ರ. ಅವನ ಧಾಟಿಯಲ್ಲಿ ರಾಗಲಕ್ಷಣ ಹುಡುಕಿದರೆ ನಿರಾಶೆ ಖಂಡಿತ. ಅದು ಒಸಾಕಾದಲ್ಲಿ ಕುಳಿತು ಕಂಡ ಭಾರತದ ಕನಸು. ವಿದ್ಯಾರ್ಥಿಯಾಗಿದ್ದಾಗ ಅದನ್ನು ಕೇಳಿ ನಕ್ಕಿದ್ದೆ. ಈಗ ಕೇಳಿದರೆ, ಎಂಟೇ ಸ್ವರಗಳಲ್ಲಿ ಅಷ್ಟು ಬೇರೆಯದೊಂದು ಲೋಕ ಕಟ್ಟಿದ ಕೈಚಳಕ ಮೊದಲು ಕಾಣುತ್ತದೆ.

ಆಮೇಲೆ ಬಂದದ್ದು ವಾದ್ಯಸಂಯೋಜಕರ ಕಾಲ. 1992ರಲ್ಲಿ ಆಟ ಮನೆಯ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಬಂದಾಗ ಅಲ್ಲಿ ಎಫ್‌ಎಂ ಚಿಪ್ಪೇ ಇರಲಿಲ್ಲ. ಧ್ವನಿಗೆ ಮೀಸಲಾಗಿದ್ದ ಸ್ಮೃತಿ 64 ಕಿಲೋಬೈಟ್ ಮಾತ್ರ. ಸ್ವರ ಅದೇ ಉಳಿಯಬೇಕು, ವಾದ್ಯವೆಲ್ಲ ಬದಲಾಗಬೇಕು. 1993ರ 'ಸೂಪರ್ ಸ್ಟ್ರೀಟ್ ಫೈಟರ್ 2'ರಲ್ಲಿ 16 ಧ್ವನಿಮಾರ್ಗಗಳ 'ಕ್ಯೂಸೌಂಡ್' ಬಂದಿತು, ಹಳೆಯ ಧಾಟಿಗಳು ಮತ್ತೆ ಹೊಸ ಉಡುಪು ತೊಟ್ಟವು. ಶಿಮೊಮುರಾ ಅದೇ ವರ್ಷ ಕ್ಯಾಪ್‌ಕಾಮ್ ಬಿಟ್ಟು ಸ್ಕ್ವೇರ್ ಸಂಸ್ಥೆಗೆ ಹೋದರು. 1997ರ ಮೂರನೆಯ ಆಟದಲ್ಲಿ ಹಿದೆಕಿ ಒಕುಗಾವಾ ಜಾಜ್, ಹಿಪ್‌ಹಾಪ್ ಕಡೆಗೆ ಹೊರಳಿದರು. 2008ರ ನಾಲ್ಕನೆಯದು ಹಿದೆಯುಕಿ ಫುಕಾಸಾವಾ ಅವರದು, 2023ರ ಆರನೆಯದು ಯೋಶಿಯಾ ತೆರಾಯಾಮಾ ಅವರದು.

2021ರ ಜುಲೈ 23ರಂದು ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ರೀಡಾಪಟುಗಳು ಸಾಲಾಗಿ ನಡೆದದ್ದು ವಿಡಿಯೋ ಆಟಗಳ ಸಂಗೀತಕ್ಕೆ. ಅದರಲ್ಲಿ 'ಕಿಂಗ್‌ಡಮ್ ಹಾರ್ಟ್ಸ್' ಆಟಕ್ಕಾಗಿ ಶಿಮೊಮುರಾ ರಚಿಸಿದ ಧಾಟಿಗಳೂ ಇದ್ದವು. 2025ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಅವರಿಗೆ ತನ್ನ ಫೆಲೋಶಿಪ್ ಗೌರವ ನೀಡಿತು. ಕಾಸು ಹಾಕುವ ಆ ಹಳೆಯ ಯಂತ್ರವನ್ನು ಕೊನೆಯವರೆಗೆ ಆಡಿ ಗೆದ್ದರೆ, ಅದು ಈಗಲೂ ತೋರಿಸುವುದು 'ಶಿಮೊ-ಪಿ' ಎಂದೇ.