ಟ್ರೌಟ್ ಮೀನಿಗೆ ಮಧುಮೇಹವೇ?

ಮಾಂಸಾಹಾರಿ ಮೀನುಗಳಿಗೆ ಹಿಟ್ಟು ತಿನ್ನಿಸಿದರೆ ರಕ್ತದಲ್ಲಿ ಏರಿದ ಸಕ್ಕರೆ ಬೇಗ ಇಳಿಯದು, ಅವುಗಳಲ್ಲಿ ಇನ್ಸುಲಿನ್ ಇಲ್ಲದಿರುವುದೇ ಅದಕ್ಕೆ ಕಾರಣ ಎಂದು ನಾನು ತರಗತಿಯಲ್ಲಿ ಹೇಳಿದ್ದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಮಾತಿನ ಮೊದಲರ್ಧ ನಿಜ, ಎರಡನೆಯದು ತಪ್ಪು. ನಿವೃತ್ತಿಯ ಬಿಡುವಿನ ಓದಿನಲ್ಲಿ ಅದು ತಿಳಿದಾಗ ನನಗೆ ಸಾಕಷ್ಟು ನಾಚಿಕೆಯಾಯಿತು.

ಅಮೆರಿಕದ ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ಹಿಂದೆ ಟ್ರೌಟ್‌ಗೆ ದನದ ಯಕೃತ್ತು, ಗುಲ್ಮ ಮೊದಲಾದ ಹಸಿ ಮಾಂಸವನ್ನೇ ಹಾಕುತ್ತಿದ್ದರು. ಮಾಂಸ ತುಟ್ಟಿ, ಧಾನ್ಯದ ಹಿಟ್ಟು ಅಗ್ಗ. ಹಾಗಾದರೆ ಎಷ್ಟು ಹಿಟ್ಟು ಬೆರೆಸಬಹುದು? ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲೆಂಡ್‌ನಲ್ಲಿ ಫಿಲಿಪ್ಸ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಜೀರ್ಣವಾಗುವ ಶರ್ಕರಪಿಷ್ಟ ಹೆಚ್ಚಾದಾಗ ಮೀನಿನ ಯಕೃತ್ತಿನಲ್ಲಿ ಗ್ಲೈಕೋಜನ್ ವಿಪರೀತ ತುಂಬಿಕೊಳ್ಳುತ್ತಿತ್ತು, ಮೀನುಗಳು ಸಾಯುತ್ತಿದ್ದವು. ಆಹಾರದಲ್ಲಿ ಅದು ಶೇಕಡಾ 12ನ್ನು ಮೀರಬಾರದು ಎಂದು ಅವರು 1948ರಲ್ಲಿ ಸಲಹೆ ನೀಡಿದರು.

ಇನ್ಸುಲಿನ್ ಇಲ್ಲವೆಂಬ ಮಾತಾದರೋ ಅದಕ್ಕೂ ಮೊದಲೇ ಸುಳ್ಳಾಗಿತ್ತು! ಅನೇಕ ಮೂಳೆಮೀನುಗಳಲ್ಲಿ ಇನ್ಸುಲಿನ್ ಸ್ರವಿಸುವ ಅಂಗಾಂಶವು ಜೀರ್ಣರಸ ತಯಾರಿಸುವ ಮೇದೋಜೀರಕ ಅಂಗಾಂಶದಿಂದ ಪ್ರತ್ಯೇಕವಾಗಿ, ಪುಟ್ಟ ಗಂಟಿನಂತೆ ಇರುತ್ತದೆ. ಇನ್ಸುಲಿನ್ ಎಲ್ಲಿಂದ ಬರುತ್ತದೆಂದು ತೋರಿಸಲು ಮ್ಯಾಕ್ಲಿಯೋಡ್ 1922ರಲ್ಲಿ ಕೆನಡಾದ ಕಡಲತೀರದಲ್ಲಿ ಆರಿಸಿಕೊಂಡದ್ದು ಅಂಥ ಮೀನುಗಳನ್ನೇ. ಆ ಗಂಟುಗಳಿಂದ ಅವರಿಗೆ ಇನ್ಸುಲಿನ್ ದೊರೆಯಿತು. ಮರುವರ್ಷ ಬ್ಯಾಂಟಿಂಗ್ ಅವರೊಂದಿಗೆ ನೊಬೆಲ್ ಪಡೆದವರು ಇವರೇ.

ಬಳಿಕ ಅನುಮಾನ ಗ್ಲೂಕೋಕೈನೇಸ್ ಎಂಬ ಕಿಣ್ವದ ಮೇಲೆ ತಿರುಗಿತು. ಊಟದ ನಂತರ ಯಕೃತ್ತು ಗ್ಲೂಕೋಸನ್ನು ಹಿಡಿದಿಟ್ಟುಕೊಳ್ಳಲು ಬೇಕಾದ ಈ ಕಿಣ್ವ ಟ್ರೌಟ್‌ನಲ್ಲಿ ಇಲ್ಲವೆಂದು ಹಲವರು ಭಾವಿಸಿದ್ದರು. 2000ದಲ್ಲಿ ಫ್ರಾನ್ಸಿನ ಸ್ಟೆಫಾನ್ ಪಾನ್ಸೆರಾ ಮತ್ತು ಸಂಗಡಿಗರು ಕಾಮನಬಿಲ್ಲು ಟ್ರೌಟ್‌ನಲ್ಲೂ ಅದಿದೆ, ಶರ್ಕರಪಿಷ್ಟ ತಿಂದಾಗ ಹೆಚ್ಚುತ್ತದೆ ಎಂದು ತೋರಿಸಿದರು.

ಹಾಗಿದ್ದರೆ ತೊಡಕೆಲ್ಲಿ? ನಾವು ಅನ್ನ ಉಂಡಾಗ ನಮ್ಮ ಯಕೃತ್ತು ತಾನೇ ಸಕ್ಕರೆ ತಯಾರಿಸುವುದನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಟ್ರೌಟ್‌ನ ಯಕೃತ್ತು ಹಾಗೆ ಮಾಡುವುದಿಲ್ಲ. ಹೊರಗಿನಿಂದ ಸಕ್ಕರೆ ಬರುತ್ತಿದ್ದರೂ ಅದು ಅಮೈನೋ ಆಮ್ಲಗಳಿಂದ ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ಸಣ್ಣ ಮೀನು, ಹುಳುಹುಪ್ಪಟೆ ತಿಂದು ಬದುಕುವ ಪ್ರಾಣಿಗೆ ಆ ಕೆಲಸವನ್ನು ನಿಲ್ಲಿಸಬೇಕಾದ ಸಂದರ್ಭವೇ ಹೆಚ್ಚಾಗಿ ಬಂದಿರಲಾರದು ಎಂಬುದು ನನ್ನ ಊಹೆ. ತೌಡು ತಿಂದು ಬೆಳೆಯುವ ಗೆಂಡೆ ಮೀನು ಈ ವಿಷಯದಲ್ಲಿ ಎಷ್ಟೋ ಮೇಲು.

ಆ ಕಾಲದ ಟಿಪ್ಪಣಿ ಪುಸ್ತಕ ಯಾರ ಬಳಿಯಾದರೂ ಉಳಿದಿದ್ದರೆ, ದಯವಿಟ್ಟು ಇನ್ಸುಲಿನ್ ಕುರಿತ ಆ ಸಾಲನ್ನು ಹೊಡೆದುಹಾಕಿರಿ.