ಮ್ಯೂರನ್ ದಳವೂ ಭೃತಬಲದ ಸ್ವರೂಪವೂ

ಕೌಟಿಲ್ಯನು ಸೈನ್ಯವನ್ನು ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವಿ ಎಂದು ಆರು ವಿಧವಾಗಿ ವಿಂಗಡಿಸಿ, ಮೊದಲು ಹೇಳಿದುದು ಅನಂತರ ಹೇಳಿದುದಕ್ಕಿಂತ ಮೇಲೆಂದು ನಿರ್ಣಯಿಸಿರುವನು. ವೇತನವನ್ನು ಕೊಟ್ಟು ಕೂಡಿಸಿದ ಭೃತಬಲವು ಸದಾ ಸಮೀಪದಲ್ಲಿರುವುದು, ಬೇಗನೆ ಯುದ್ಧಕ್ಕೇಳುವುದು, ವಶವರ್ತಿಯಾಗಿರುವುದು ಎಂಬುದೇ ಅದಕ್ಕೆ ಶ್ರೇಣಿಬಲಕ್ಕಿಂತ ಆಧಿಕ್ಯವನ್ನು ಕೊಡಲು ಅವನು ಹೇಳುವ ಕಾರಣ. ಆದರೆ ಯಾರಿಗೆ ವಶವರ್ತಿ? ಕನ್ನಡನಾಡಿನ ಚರಿತ್ರೆಯನ್ನೂ ಸ್ಪರ್ಶಿಸಿದ ಒಂದು ಸ್ವಿಸ್ ದಳದ ವೃತ್ತಾಂತದಿಂದ ಈ ಪ್ರಶ್ನೆಯು ವಿಶದವಾಗುತ್ತದೆ.

ನ್ಯೂಶಾತೆಲ್ ಸಂಸ್ಥಾನವು ಆಗ ಪ್ರಷ್ಯದ ದೊರೆಗೆ ಅಧೀನವಾಗಿದ್ದು ಸ್ವಿಸ್ ಒಕ್ಕೂಟದೊಡನೆ ಮೈತ್ರಿಯುಳ್ಳುದಾಗಿದ್ದಿತು. ಅಲ್ಲಿಯ ಕೌಂಟ್ ಶಾರ್ಲ್ ದಾನಿಯೆಲ್ ದ ಮ್ಯೂರನ್ ಎಂಬವನು 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪೆನಿಯೊಡನೆ ಕರಾರು ಮಾಡಿಕೊಂಡು ಒಂದು ಪದಾತಿದಳವನ್ನು ಕಟ್ಟಿದನು. ದಳವು ಮೊದಲು ಗುಡ್‌ಹೋಪ್ ಭೂಶಿರದಲ್ಲಿಯೂ ಅನಂತರ ಸಿಂಹಳದಲ್ಲಿಯೂ ಕಾವಲಿದ್ದಿತು. ಅದು ಕಂಪೆನಿಯ ಸ್ವಂತ ಸೈನ್ಯವಲ್ಲ, ಕೌಂಟನ ಸ್ವತ್ತು. ಕಂಪೆನಿಯು ಪಡೆದುದು ಅದರ ಸೇವೆಯನ್ನು ಮಾತ್ರ.

1795ರ ಆದಿಯಲ್ಲಿ ಫ್ರೆಂಚರು ಹಾಲೆಂಡನ್ನು ಆಕ್ರಮಿಸಿದರು. ಸಿಂಹಳವು ಅವರ ಕೈಸೇರೀತೆಂದು ಶಂಕಿಸಿದ ಇಂಗ್ಲಿಷ್ ಸರಕಾರವು, ಸೇಂಟ್ ಆಂಡ್ರೂಸ್ ವಿದ್ಯಾಪೀಠದ ಪ್ರಾಧ್ಯಾಪಕನಾಗಿದ್ದ ಹ್ಯೂ ಕ್ಲೆಗಾರ್ನ್ ಎಂಬವನನ್ನು ನ್ಯೂಶಾತೆಲಿಗೆ ಕಳುಹಿಸಿತು. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಕೌಂಟನು ತನ್ನ ದಳವನ್ನು ಇಂಗ್ಲಿಷರ ಸೇವೆಗೆ ಒಪ್ಪಿಸುವ ಒಡಂಬಡಿಕೆಗೆ ರುಜು ಹಾಕಿದನು. ತರುವಾಯ ಇಬ್ಬರೂ ಈಜಿಪ್ಟಿನ ಮಾರ್ಗವಾಗಿ ಭಾರತಕ್ಕೆ ಬಂದರು. ಕೊಲಂಬೊ ನಗರದಲ್ಲಿ ದಳದ ಅಧಿಪತಿಯಾಗಿದ್ದವನು ಕೌಂಟನ ತಮ್ಮನಾದ ಪಿಯೇರ್ ಫ್ರೆದೆರಿಕ್. ಅಣ್ಣನ ಆಜ್ಞೆಯು ತಲಪಲು ದಳವು ಡಚ್ಚರನ್ನು ಬಿಟ್ಟು ಹೊರಟಿತು. 1796ರ ಫೆಬ್ರವರಿಯಲ್ಲಿ ಕೊಲಂಬೊ ಇಂಗ್ಲಿಷರಿಗೆ ಶರಣಾಯಿತು.

1799ರಲ್ಲಿ ಇದೇ ದಳವು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಗ್ಲಿಷರ ಪಕ್ಷದಲ್ಲಿ ಹೋರಾಡಿತು. ಕೋಟೆಯೊಳಗೆ ಟಿಪ್ಪುವಿನ ಸೇವೆಯಲ್ಲಿ ಫ್ರೆಂಚರ ಸಣ್ಣ ತಂಡವೊಂದಿದ್ದಿತು. ಹೊರಗೆ ಫ್ರೆಂಚ್ ಭಾಷೆಯನ್ನೇ ಆಡುವ ನ್ಯೂಶಾತೆಲಿನ ಅಧಿಕಾರಿಗಳಿದ್ದರು. ಭಾಷೆಯಾಗಲಿ ಕುಲವಾಗಲಿ ಅವರ ಪಕ್ಷವನ್ನು ನಿರ್ಣಯಿಸಲಿಲ್ಲ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಈ ದಳದವರ ಗೋರಿಗಳು ಇಂದಿಗೂ ಇವೆ. 1806ರಲ್ಲಿ ಭಾರತವನ್ನು ಬಿಟ್ಟ ದಳವು ಮಾಲ್ಟಾ ದ್ವೀಪದಲ್ಲಿಯೂ 1813ರಿಂದ ಕೆನಡದಲ್ಲಿಯೂ ಇದ್ದು, 1816ರಲ್ಲಿ ವಿಸರ್ಜಿತವಾಯಿತು.

ಕೂಲಿಯ ಸೈನಿಕನು ಹಣಕ್ಕಾಗಿ ದ್ರೋಹಮಾಡುವನೆಂಬುದು ಲೋಕದಲ್ಲಿ ರೂಢವಾದ ಅಪವಾದ. ಪ್ರಕೃತದಲ್ಲಿ ಅದು ಸಲ್ಲದು. ಪಕ್ಷವನ್ನು ಬದಲಾಯಿಸಿದವನು ಕೊಲಂಬೊ ಕೋಟೆಯ ಸಿಪಾಯಿಯಲ್ಲ; ಸಹಸ್ರಾರು ಮೈಲಿಗಳಾಚೆ ಲೇಖನಿಯನ್ನು ಹಿಡಿದ ಒಡೆಯನು. ಸಿಪಾಯಿಯಾದರೋ ತನ್ನ ನಾಯಕನ ಆಜ್ಞೆಯನ್ನು ಪಾಲಿಸಿದನು. ಆಮೇಲೆ ಇಪ್ಪತ್ತು ವರ್ಷಗಳ ಕಾಲ ಇಂಗ್ಲಿಷರ ಧ್ವಜದಡಿಯಲ್ಲಿಯೂ ದುಡಿದನು. ಭೃತಬಲವು ವಶ್ಯವೆಂಬ ಕೌಟಿಲ್ಯನ ಮಾತು ಇಲ್ಲಿಯೂ ಸತ್ಯವೇ. ಆದರೆ ರಾಜನಿಗೂ ಭಟನಿಗೂ ನಡುವೆ ದಳದ ಒಡೆಯನೊಬ್ಬನು ನಿಂತಾಗ, ಆ ವಶ್ಯತೆಯು ಒಡೆಯನಲ್ಲಿಯೇ ನೆಲಸುವುದು. ಡಚ್ಚರು ವೇತನದಿಂದ ಸೇವೆಯನ್ನು ಪಡೆದಿದ್ದರು, ನಿಷ್ಠೆಯು ಅವರದಾಗಿರಲಿಲ್ಲ.