ಸೈಕಲ್ಲಿನ ಕಾವಲು

ಬೇರೆ ಯಾವ ವಸ್ತುವನ್ನು ಕದ್ದರೂ ಕಳ್ಳನು ಅದನ್ನು ಹೊತ್ತುಕೊಂಡು ಓಡಬೇಕು. ಸೈಕಲ್ಲು ಮಾತ್ರ ಕಳ್ಳನನ್ನೇ ಹೊತ್ತುಕೊಂಡು ಓಡುತ್ತದೆ. ಕದ್ದವನಿಗೆ ಭಾರವಿಲ್ಲ, ಸದ್ದಿಲ್ಲ. ಬೀದಿಯಲ್ಲಿ ಎದುರಾದವರಿಗೆ ಅವನು ಕೆಲಸಕ್ಕೆ ಹೊರಟ ಸಭ್ಯ ಗೃಹಸ್ಥನಂತೆಯೇ ಕಾಣುತ್ತಾನೆ. ಕಳೆದುಕೊಂಡವನ ಸ್ಥಿತಿಯೋ ಹಾಗಲ್ಲ. ಹಾಲು ಹಾಕುವವನು, ಪತ್ರಿಕೆ ಹಂಚುವವನು, ಗಿರಣಿಯ ಕಾರ್ಮಿಕ, ಶಾಲೆಗೆ ನಾಲ್ಕು ಮೈಲಿ ಹೋಗುವ ಹುಡುಗಿ, ಇವರ ಪಾಲಿಗೆ ಸೈಕಲ್ಲು ಹೋಯಿತೆಂದರೆ ಮರುದಿನದ ಸಂಪಾದನೆಯೋ ವಿದ್ಯೆಯೋ ಅದರೊಡನೆ ಹೋಯಿತೆಂದೇ ಅರ್ಥ. ಇಷ್ಟು ಸುಲಭವಾಗಿ ಹೋಗುವ, ಹೋದರೆ ಇಷ್ಟು ನೋಯಿಸುವ ಈ ವಸ್ತುವನ್ನು ಜನರು ಹೇಗೆ ಕಾಪಾಡಿಕೊಂಡು ಬಂದರು? ಆ ಕಥೆಯಲ್ಲಿ ಬೀಗಗಳಿವೆ, ಕಾಯಿದೆಗಳಿವೆ, ಒಂದು ಪ್ರಸಿದ್ಧ ಚಲನಚಿತ್ರವೂ ಇದೆ. ಇಂಗ್ಲೆಂಡಿನ ಹಿತ್ತಿಲುಗಳಲ್ಲಿ ನಿಂತಿರುವ ಪುಟ್ಟ ಮರದ ಷೆಡ್ಡಿಗೂ ಅದರಲ್ಲಿ ದೊಡ್ಡ ಪಾತ್ರವಿದೆ.

ಸೈಕಲ್ಲು ಹುಟ್ಟಿದಂದಿನಿಂದಲೇ ಕಳ್ಳರ ಕಣ್ಣಿಗೆ ಬಿದ್ದ ವಸ್ತುವಲ್ಲ. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಎರಡು ಗಾಲಿಯ ಮರದ ವಾಹನವೊಂದನ್ನು ಓಡಿಸಿ ತೋರಿಸಿದ. ಅದಕ್ಕೆ ಪೆಡಲಿರಲಿಲ್ಲ, ಕುಳಿತವನು ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬೇಕಾಗಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಬಂದಿತು. ಆಮೇಲೆ ಬಂದದ್ದು ಆಳೆತ್ತರದ ಮುಂಗಾಲಿಯೂ ತಟ್ಟೆಯಷ್ಟು ಹಿಂಗಾಲಿಯೂ ಇದ್ದ ವಿಚಿತ್ರ ವಾಹನ. ಅದನ್ನು ಹತ್ತಲು ಧೈರ್ಯ ಬೇಕು, ಇಳಿಯಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಅಭ್ಯಾಸವಿಲ್ಲದ ಕಳ್ಳನೊಬ್ಬನು ಅದರ ಮೇಲೇರಿ ಪರಾರಿಯಾಗುವುದು ಸುಲಭದ ಮಾತಾಗಿರಲಿಲ್ಲ. ಆ ಎತ್ತರವೇ ಅದಕ್ಕೆ ಅರ್ಧ ಕಾವಲಾಗಿತ್ತು.

1885ರಲ್ಲಿ ಕೋವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು 'ರೋವರ್' ಎಂಬ ಸೈಕಲ್ಲನ್ನು ಹೊರತಂದ. ಹೆಚ್ಚುಕಡಮೆ ಒಂದೇ ಅಳತೆಯ ಎರಡು ಗಾಲಿ, ಹಿಂದಿನ ಗಾಲಿಗೆ ಸರಪಳಿ, ನೆಲಕ್ಕೆ ಕಾಲು ಮುಟ್ಟುವ ಆಸನ. ಇಂದಿನ ಸೈಕಲ್ಲಿನ ರೂಪ ಅಲ್ಲಿಯೇ ಸಿದ್ಧವಾಯಿತು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದ. ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಹತ್ತಬಹುದಾದ ವಾಹನವಾಯಿತು ಸೈಕಲ್ಲು. ಎಲ್ಲರೂ ಎಂದ ಮೇಲೆ ಕಳ್ಳನೂ ಅದರಲ್ಲಿ ಸೇರಿದನಷ್ಟೆ! ಒಡೆಯನಿಗೆ ದೊರೆತ ಸೌಕರ್ಯವೇ ಕಳ್ಳನಿಗೂ ದೊರೆಯಿತು. ಬೆಲೆ ಇಳಿದಂತೆಲ್ಲ ಒಂದೇ ಬಗೆಯ ಸಾವಿರಾರು ಸೈಕಲ್ಲುಗಳು ಬೀದಿಗೆ ಬಂದುವು. ನೂರು ಕರಿಯ ಸೈಕಲ್ಲುಗಳ ನಡುವೆ ಕದ್ದ ಕರಿಯ ಸೈಕಲ್ಲನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳೋಣ. ಸೈಕಲ್ಲಿನ ಕಾವಲಿನ ಕಥೆಯೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಕೊಂಡ ಸೈಕಲ್ಲನ್ನು ಇಡುವುದೆಲ್ಲಿ ಎಂಬುದು ಮೊದಲ ತೊಡಕು. ನಮ್ಮ ವಠಾರಗಳಲ್ಲಿ ಅದು ಜಗಲಿಯ ಮೇಲೋ ನಡುಮನೆಯಲ್ಲೋ ರಾತ್ರಿ ಕಳೆಯುತ್ತಿತ್ತು. ಹತ್ತು ಮನೆಯ ಕಣ್ಣುಗಳು ಅದರ ಮೇಲಿರುತ್ತಿದ್ದುವು. ಇಂಗ್ಲೆಂಡಿನ ಹಳೆಯ ಸಾಲುಮನೆಗಳ ಓಣಿಯಂಥ ನಡೆಯಲ್ಲಿ ಸೈಕಲ್ಲು ನಿಂತರೆ ಮನುಷ್ಯರು ಓಡಾಡುವಂತಿರಲಿಲ್ಲ. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, ಟ್ಯೂಡರ್ ವಾಲ್ಟರ್ಸ್ ಸಮಿತಿಯು ಪಟ್ಟಣಗಳಲ್ಲಿ ಎಕರೆಗೆ 12 ಮನೆಗಳಿಗಿಂತ ಹೆಚ್ಚು ಕಟ್ಟಬಾರದೆಂದು ಸಲಹೆ ಮಾಡಿತು. 1919ರ ವಸತಿ ಕಾಯಿದೆಯ ಅನಂತರ ಸ್ಥಳೀಯ ಸಂಸ್ಥೆಗಳು ಕಾರ್ಮಿಕರಿಗಾಗಿ ಕಟ್ಟಿಸಿದ ಮನೆಗಳಿಗೆ ಹಿತ್ತಿಲು ದೊರೆಯಿತು. ಹಿತ್ತಿಲು ಬಂದ ಮೇಲೆ ಗುದ್ದಲಿ, ಸನಿಕೆ, ಹೂಕುಂಡಗಳನ್ನಿಡಲು ಮರದ ಷೆಡ್ಡು ಬಂದಿತು. ಷೆಡ್ಡಿಗೆ ಸೈಕಲ್ಲೂ ಬಂದು ಸೇರಿತು.

ಆದರೆ ಷೆಡ್ಡನ್ನು ಕಟ್ಟಿದವನು ಮಳೆಯನ್ನು ನೆನೆದು ಕಟ್ಟಿದನೇ ಹೊರತು ಕಳ್ಳನನ್ನು ನೆನೆದಲ್ಲ. ತೆಳುವಾದ ಹಲಗೆಯ ಗೋಡೆ, ಒಂದು ಗಾಜಿನ ಕಿಟಕಿ, ಹೊರಗಡೆಯೇ ಕಾಣುವ ಬಾಗಿಲಿನ ಕೀಲು, ಸಣ್ಣ ತಿರುಪುಮೊಳೆಗಳಿಂದ ಬಿಗಿದ ಚಿಲಕ. ಆ ಚಿಲಕಕ್ಕೆ ಎಷ್ಟು ಬೆಲೆಯ ಬೀಗ ತಗುಲಿಸಿದರೇನು? ಕಳ್ಳನು ಬೀಗದ ತಂಟೆಗೆ ಹೋಗದೆ ತಿರುಪುಮೊಳೆಯನ್ನು ಬಿಚ್ಚುತ್ತಾನೆ. ಬೆಳಿಗ್ಗೆ ಮನೆಯವರು ಬಂದು ನೋಡಿದರೆ ಬೀಗವು ಚಿಲಕವನ್ನು ಭದ್ರವಾಗಿ ಹಿಡಿದುಕೊಂಡು ನೆಲದ ಮೇಲೆ ಬಿದ್ದಿರುತ್ತದೆ! ಷೆಡ್ಡು ಮನೆಯಿಂದ ದೂರ, ಹಿತ್ತಿಲಿನ ಕೊನೆಯಲ್ಲಿ, ಕತ್ತಲೆಯಲ್ಲಿ. ಬೀದಿಯಲ್ಲಿ ಕದಿಯುವವನಿಗೆ ನಿಮಿಷಗಳ ಲೆಕ್ಕ. ಷೆಡ್ಡಿನಲ್ಲಿ ಕದಿಯುವವನಿಗೆ ಇಡೀ ರಾತ್ರಿಯೇ ಇದೆ. ಅವನಿಗೆ ಬೇಕಾದ ಆಯುಧಗಳನ್ನು ಮನೆಯೊಡೆಯನೇ ಒದಗಿಸಿರುತ್ತಾನೆ: ಮೀಟಲು ಸನಿಕೆ, ಕತ್ತರಿಸಲು ಗಿಡದ ಕತ್ತರಿ, ಹತ್ತಲು ಏಣಿ.

ಬೀಗವನ್ನೇ ಬಲಪಡಿಸಿದರೆ ಸಾಲದೆ ಎಂದು ಕೇಳಬಹುದು. ಇದಕ್ಕೆ ಬೀಗಗಳ ಚರಿತ್ರೆಯೇ ಉತ್ತರ ಹೇಳುತ್ತದೆ. ಜೋಸೆಫ್ ಬ್ರಾಮಾ ಎಂಬ ಇಂಗ್ಲಿಷ್ ಶಿಲ್ಪಿ 1784ರಲ್ಲಿ ಒಂದು ಬೀಗಕ್ಕೆ ಪೇಟೆಂಟು ಪಡೆದ. ಲಂಡನ್ನಿನ ಪಿಕಡಿಲಿಯಲ್ಲಿದ್ದ ಅವನ ಅಂಗಡಿಯ ಕಿಟಕಿಯಲ್ಲಿ ಅಂಥದೊಂದು ಬೀಗವನ್ನು ತೂಗುಹಾಕಿ, ಇದನ್ನು ಬೀಗದ ಕೈಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನವೆಂದು ಸಾರಲಾಯಿತು. ಸುಮಾರು 60 ವರ್ಷ ಆ ಬೀಗವನ್ನು ಯಾರೂ ತೆರೆಯಲಿಲ್ಲ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ಬಂದಿದ್ದ ಹಾಬ್ಸ್ ಎಂಬ ಅಮೆರಿಕನ್ ಬೀಗಶಿಲ್ಪಿ, 16 ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಅದನ್ನು ತೆರೆದೇ ಬಿಟ್ಟ. ತೆರೆಯಲಾಗದ ಬೀಗವೆಂಬುದಿಲ್ಲ, ಬೀಗವು ಕೊಡುವುದು ಕಾಲಾವಕಾಶವನ್ನು ಮಾತ್ರ ಎಂಬುದು ಅಂದು ಸ್ಪಷ್ಟವಾಯಿತು.

ಸೈಕಲ್ಲಿನ ಬೀಗಗಳೂ ಇದೇ ದಾರಿಯಲ್ಲಿ ನಡೆದುವು. ಸರಪಳಿಯೂ ಬೀಗವೂ, ಹಿಂಗಾಲಿಯ ಕಡ್ಡಿಗಳ ನಡುವೆ ಹಾಯುವ ಬಳೆಯ ಬೀಗವೂ ಬಹುಕಾಲ ಬಳಕೆಯಲ್ಲಿದ್ದುವು. 1970ರ ದಶಕದ ಆರಂಭದಲ್ಲಿ ಅಮೆರಿಕದ ಮೈಕೇಲ್ ಜೇನ್ ಎಂಬಾತನು ಗಟ್ಟಿಯುಕ್ಕಿನ ಲಾಳಾಕಾರದ ಬೀಗವನ್ನು ಮಾರಾಟಕ್ಕೆ ತಂದ. 1972ರಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಈ ಬೀಗ ಹಾಕಿದ ಸೈಕಲ್ಲೊಂದನ್ನು 30 ದಿನ ಬೀದಿಯಲ್ಲೇ ಬಿಡಲಾಯಿತು. ಬಿಚ್ಚಲಾಗುವ ಭಾಗಗಳನ್ನೆಲ್ಲ ಕಳ್ಳರು ಬಿಚ್ಚಿಕೊಂಡು ಹೋದರು; ಬೀಗ ಮಾತ್ರ ಸೋಲಲಿಲ್ಲ. ಆದರೆ 2004ರಲ್ಲಿ, ಅಂಥ ಲಾಳದ ಬೀಗಗಳಲ್ಲಿ ದುಂಡು ಕೀಲಿಯವನ್ನು ಸಾಧಾರಣ ಪ್ಲಾಸ್ಟಿಕ್ ಪೆನ್ನಿನ ಕೊಳವೆಯಿಂದ ಕ್ಷಣಗಳಲ್ಲಿ ತೆರೆಯಬಹುದೆಂದು ಲೋಕಕ್ಕೆಲ್ಲ ತಿಳಿದುಹೋಯಿತು. ತಯಾರಕರು ಬೀಗಗಳನ್ನು ಬದಲಾಯಿಸಿಕೊಡಬೇಕಾಯಿತು. ಬ್ರಾಮಾನ ಬೀಗಕ್ಕೆ 51 ಗಂಟೆ. ಇದಕ್ಕೆ ಒಂದು ಪೆನ್ನು!

ಬೀಗ ಸೋತಲ್ಲಿ ಕಾಯಿದೆ ಕಾಪಾಡಬೇಕು. ಇಲ್ಲಿಯೂ ಸೈಕಲ್ಲು ನ್ಯಾಯವಾದಿಗಳಿಗೆ ಒಂದು ಒಗಟನ್ನೇ ಒಡ್ಡಿತು. ಇಂಗ್ಲೆಂಡಿನ ಹಳೆಯ ಕಾಯಿದೆಯಂತೆ, ವಸ್ತುವನ್ನು ಒಡೆಯನಿಂದ ಶಾಶ್ವತವಾಗಿ ತಪ್ಪಿಸುವ ಉದ್ದೇಶವಿದ್ದರೆ ಮಾತ್ರ ಕಳ್ಳತನ. "ಸ್ವಾಮಿ, ನಾನು ಕದಿಯಲಿಲ್ಲ, ಒಂದು ಸುತ್ತು ಹೋಗಿಬರೋಣವೆಂದು ತೆಗೆದುಕೊಂಡೆ" ಎಂದರೆ ಕಳ್ಳತನದ ಆರೋಪ ನಿಲ್ಲುವುದು ಕಷ್ಟವಾಗುತ್ತಿತ್ತು. ಕಳ್ಳನಿಗೊಂದು ಪಿಳ್ಳೆ ನೆವವೆಂಬುದು ನಮ್ಮ ಗಾದೆ. ಈ ನೆವವನ್ನು ಮುಚ್ಚಲೆಂದು 1968ರ ಕಳ್ಳತನದ ಕಾಯಿದೆಯಲ್ಲಿ, ಒಡೆಯನ ಒಪ್ಪಿಗೆಯಿಲ್ಲದೆ ಸೈಕಲ್ಲನ್ನು ತೆಗೆದುಕೊಂಡು ಹೋಗುವುದನ್ನೇ ಪ್ರತ್ಯೇಕ ಅಪರಾಧವೆಂದು ವಿಧಿಸಲಾಯಿತು.

ನಮ್ಮ ದೇಶದಲ್ಲಿ ಈ ತೊಡಕೇ ಇರಲಿಲ್ಲವೆಂಬುದು ಗಮನಾರ್ಹ. 1860ರ ಭಾರತೀಯ ದಂಡಸಂಹಿತೆಯು ಶಾಶ್ವತ, ತಾತ್ಕಾಲಿಕ ಎಂಬ ಭೇದವನ್ನೆಣಿಸದೆ, ಅಪ್ರಾಮಾಣಿಕ ಉದ್ದೇಶದಿಂದ ವಸ್ತುವನ್ನು ಒಡೆಯನ ವಶದಿಂದ ಸರಿಸಿದರೇ ಕಳ್ಳತನವೆಂದಿತು. ಕೆಲಕಾಲ ಮಾತ್ರ ತೆಗೆದುಕೊಂಡು ಹೋದರೂ ಅದು ಕಳ್ಳತನವಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಎತ್ತಿಹಿಡಿಯಿತು. ಆ ಸಂಹಿತೆಯ 379ನೆಯ ವಿಧಿಯಂತೆ ಸಾಧಾರಣ ಕಳ್ಳತನಕ್ಕೆ ಮೂರು ವರ್ಷದವರೆಗೆ ಸೆರೆ. 380ನೆಯ ವಿಧಿಯಂತೆ ಮನುಷ್ಯರು ವಾಸಿಸುವ ಅಥವಾ ಸ್ವತ್ತನ್ನು ಇಡುವುದಕ್ಕೆಂದು ಬಳಸುವ ಕಟ್ಟಡದೊಳಗಿಂದ ಕದ್ದರೆ ಏಳು ವರ್ಷದವರೆಗೆ ಸೆರೆ. ಹಿತ್ತಿಲ ಷೆಡ್ಡಿಗೆ ಈ ಮಾತು ಹೇಳಿ ಬರೆಸಿದಂತಿದೆ. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ.

ಕಾಯಿದೆಯು ಕಳ್ಳನನ್ನು ಶಿಕ್ಷಿಸಬಲ್ಲುದು. ಹೋದ ಸೈಕಲ್ಲನ್ನು ತಂದುಕೊಡಬೇಕಾದರೆ ಅದು ಯಾರದೆಂದು ಮೊದಲು ತಿಳಿಯಬೇಕು. ಈ ಸಂಕಟವನ್ನು ಲೋಕಕ್ಕೆ ಮನಮುಟ್ಟುವಂತೆ ತೋರಿಸಿದವನು ಇಟಲಿಯ ವಿಟ್ಟೋರಿಯೊ ಡಿ ಸಿಕಾ. ಲುಯಿಜಿ ಬಾರ್ತೊಲಿನಿಯ ಕಾದಂಬರಿಯನ್ನಾಧರಿಸಿ ಅವನು 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್' ಚಿತ್ರವನ್ನು 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ತೋರಿಸಲಾಯಿತು. ರೋಮಿನ ನಿರುದ್ಯೋಗಿ ಆಂಟೋನಿಯೊನಿಗೆ ಗೋಡೆಗೆ ಚಿತ್ರಪಟ ಅಂಟಿಸುವ ಕೆಲಸ ಸಿಗುತ್ತದೆ. ಸೈಕಲ್ಲು ಇದ್ದರೆ ಮಾತ್ರ ಕೆಲಸ. ಅಡವಿಟ್ಟಿದ್ದ ಸೈಕಲ್ಲನ್ನು ಬಿಡಿಸಲು ಹೆಂಡತಿ ಮನೆಯ ಹಾಸಿಗೆಯ ಹೊದಿಕೆಗಳನ್ನು ಅಡವಿಡುತ್ತಾಳೆ. ಮೊದಲ ದಿನವೇ ಸೈಕಲ್ಲು ಕಳವಾಗುತ್ತದೆ. ಸೈಕಲ್ಲಿನ ಬಿಡಿಭಾಗಗಳನ್ನು ರಾಶಿರಾಶಿಯಾಗಿ ಮಾರುವ ಸಂತೆಯಲ್ಲಿ ಅವನೂ ಮಗನೂ ಹುಡುಕುತ್ತಾರೆ. ಒಂದು ಚೌಕಟ್ಟಿನ ಮೇಲೆ ಅವರಿಗೆ ಅನುಮಾನ ಬರುತ್ತದೆ. ಅದರ ಮೇಲಿನ ಸಂಖ್ಯೆಯನ್ನು ನೋಡಿದರೆ ಅದು ಅವರದಲ್ಲ. ಇಡೀ ಮಹಾನಗರದಲ್ಲಿ ಆ ಬಡವನ ಪಕ್ಷದಲ್ಲಿ ಸಾಕ್ಷಿ ಹೇಳಬಹುದಾಗಿದ್ದುದು ಒಂದೇ, ಚೌಕಟ್ಟಿನ ಮೇಲಿನ ಸಂಖ್ಯೆ.

ಸಂಖ್ಯೆಯ ಈ ಕಾವಲು ತೆರಿಗೆಯ ನೆಪದಲ್ಲಿಯೂ ಬಂದುದುಂಟು. ಹಾಲೆಂಡಿನಲ್ಲಿ 1924ರಿಂದ ಸೈಕಲ್ಲಿಗೆ ತೆರಿಗೆ ವಿಧಿಸಿ, ಕೊಟ್ಟವರಿಗೆ ಲೋಹದ ಬಿಲ್ಲೆ ಕೊಡುತ್ತಿದ್ದರು. ನಿರುದ್ಯೋಗಿಗಳಿಗೆ ಬಿಲ್ಲೆ ಪುಕ್ಕಟೆ, ಆದರೆ ಅದಕ್ಕೊಂದು ತೂತು ಕೊರೆದಿರುತ್ತಿತ್ತು. ಬಡತನವನ್ನು ಹೀಗೆ ಬೀದಿಯಲ್ಲಿ ಸಾರಿಸಿದ್ದು ಜನರಿಗೆ ನೋವಾಯಿತು. 1941ರಲ್ಲಿ ತೆರಿಗೆ ಹೋಯಿತು. ಮರುವರ್ಷದಿಂದ, ದೇಶವನ್ನು ಆಕ್ರಮಿಸಿದ್ದ ಜರ್ಮನ್ ಸೈನ್ಯವು ಸೈಕಲ್ಲುಗಳನ್ನೇ ಕಿತ್ತುಕೊಳ್ಳತೊಡಗಿತು. ಆ ಕಳ್ಳತನವನ್ನು ಡಚ್ಚರು ಮರೆಯಲಿಲ್ಲ. 1966ರ ಮಾರ್ಚ್ 10ರಂದು ರಾಜಕುಮಾರಿ ಬೆಯಾಟ್ರಿಕ್ಸಳು ಜರ್ಮನ್ ವರನನ್ನು ಮದುವೆಯಾದಾಗ, ನನ್ನ ಸೈಕಲ್ಲನ್ನು ಹಿಂದಕ್ಕೆ ಕೊಡಿ ಎಂಬ ಕೂಗು ಆಂಸ್ಟರ್‌ಡಾಂ ಬೀದಿಗಳಲ್ಲಿ ಕೇಳಿಸಿತು. ಅದೇ ಊರಿನಲ್ಲಿ 1965ರಲ್ಲಿ ಕೆಲವು ತರುಣರು, ಸೈಕಲ್ಲು ಎಲ್ಲರದೂ ಆದರೆ ಕಳ್ಳತನವೇ ಇರದೆಂದು ವಾದಿಸಿ, ಬಿಳಿಯ ಬಣ್ಣ ಬಳಿದ ಸೈಕಲ್ಲುಗಳನ್ನು ಬೀಗವಿಲ್ಲದೆ ಬೀದಿಯಲ್ಲಿ ಬಿಟ್ಟರು. ಬೀಗವಿಲ್ಲದ ಸೈಕಲ್ಲನ್ನು ಬೀದಿಯಲ್ಲಿ ಬಿಡುವುದು ನಿಯಮಕ್ಕೆ ವಿರುದ್ಧವೆಂದು ಪೊಲೀಸರು ಅವನ್ನು ಹೊತ್ತುಕೊಂಡು ಹೋದರು!

ನಮ್ಮ ಪುರಸಭೆಗಳೂ ಒಂದು ಕಾಲದಲ್ಲಿ ಸೈಕಲ್ಲಿಗೆ ತೆರಿಗೆ ವಸೂಲು ಮಾಡಿ ಸಂಖ್ಯೆಯಿದ್ದ ಬಿಲ್ಲೆ ಕೊಡುತ್ತಿದ್ದುವು. ಜನರು ಗೊಣಗುತ್ತಲೇ ಕಟ್ಟುತ್ತಿದ್ದರು. ಆ ತೆರಿಗೆ ಹೋದುದಕ್ಕೆ ಯಾರೂ ಅಳಲಿಲ್ಲ. ಆದರೆ ಅದರೊಡನೆ ಸೈಕಲ್ಲಿಗೆ ಒಡೆಯನ ಹೆಸರನ್ನು ಜೋಡಿಸುತ್ತಿದ್ದ ಒಂದು ಲೆಕ್ಕವೂ ಹೋಯಿತು. ಜಪಾನಿನವರು ತೆರಿಗೆಯ ಗೋಜಿಲ್ಲದೆ ಈ ಲೆಕ್ಕವನ್ನಷ್ಟೇ ಇಟ್ಟುಕೊಂಡರು. ಅಲ್ಲಿ 1994ರಿಂದ ಪ್ರತಿ ಸೈಕಲ್ಲನ್ನೂ ಒಡೆಯನ ಹೆಸರಿನಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ಪೊಲೀಸನು ಅನುಮಾನ ಬಂದ ಸೈಕಲ್ಲನ್ನು ತಡೆದು ಸಂಖ್ಯೆಯನ್ನು ನೋಡಿದರೆ ಒಡೆಯನಾರೆಂದು ತಿಳಿಯುತ್ತದೆ.

ಇಷ್ಟೆಲ್ಲ ಚರಿತ್ರೆಯಿಂದ ಹಿತ್ತಿಲ ಷೆಡ್ಡಿನವನು ಕಲಿಯಬಹುದಾದುದೇನು? ಚಿಲಕವನ್ನೂ ಕೀಲನ್ನೂ ತಿರುಪುಮೊಳೆಯ ಬದಲು ಹಲಗೆಯನ್ನು ತೂರಿ ಒಳಗೆ ನಟ್ಟು ಬಿಗಿಯುವ ಬೋಲ್ಟುಗಳಿಂದ ಕೂರಿಸುವುದು ಮೊದಲ ಪಾಠ. ಷೆಡ್ಡಿನೊಳಗೂ ಸೈಕಲ್ಲಿಗೆ ಬೀಗ ಹಾಕಿ, ಕಾಂಕ್ರೀಟು ನೆಲದಲ್ಲಿ ಹುಗಿದ ಕಬ್ಬಿಣದ ಬಳೆಗೆ ಅದನ್ನು ಕಟ್ಟುವುದು ಎರಡನೆಯದು. ಕಿಟಕಿಗೆ ಪರದೆ ಹಾಕಿ, ಸನಿಕೆ ಕತ್ತರಿಗಳನ್ನು ಕೈಗೆ ಸಿಗದಂತೆ ಇಡುವುದು ಮೂರನೆಯದು. ಇವೆಲ್ಲ ಕಳ್ಳನ ಕಾಲವನ್ನು ತಿನ್ನುತ್ತವೆ. ಬೆಳಕು ಹರಿಯುವ ಭಯವನ್ನು ಅವನಲ್ಲಿ ಹುಟ್ಟಿಸುತ್ತವೆ. ಆದರೂ ಹೋದ ಸೈಕಲ್ಲನ್ನು ಮರಳಿ ಕರೆತರುವ ಶಕ್ತಿ ಇವಕ್ಕಿಲ್ಲ. ಆ ಶಕ್ತಿ ಇರುವುದು ಚೌಕಟ್ಟಿನ ಮೇಲೆ ಕಾರ್ಖಾನೆಯವರು ಕೆತ್ತಿದ ಸಂಖ್ಯೆಗೆ. ಅದೂ ಒಡೆಯನು ಅದನ್ನು ಬರೆದಿಟ್ಟುಕೊಂಡಿದ್ದರೆ ಮಾತ್ರ.

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ತೊಡಗಿದಾಗ, ಊರಿನಿಂದ ದೂರವಿದ್ದ ಪ್ರೌಢಶಾಲೆ ಎಷ್ಟೋ ಹೆಣ್ಣುಮಕ್ಕಳಿಗೆ ಹತ್ತಿರವಾಯಿತು. ಒಂದೇ ಬಗೆಯ ಅಷ್ಟೊಂದು ಸೈಕಲ್ಲುಗಳ ನಡುವೆ ಒಬ್ಬ ಹುಡುಗಿಯ ಸೈಕಲ್ಲನ್ನು ಬೇರೆ ಮಾಡಿ ತೋರಿಸುವುದು ಆ ಪುಟ್ಟ ಸಂಖ್ಯೆಯೇ. ಊರು ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಸೈಕಲ್ಲಿನ ದಿಡ್ಡಿ ಬಾಗಿಲು ಬಹಳ ಅಗ್ಗದ್ದು: ಒಂದು ಸೀಸದ ಕಡ್ಡಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ಸೈಕಲ್ಲು ಮನೆಯಲ್ಲಿರುವಾಗಲೇ ಅದನ್ನು ಬರೆದಿಡುವುದು ಲೇಸು.